ಎಡಗಡೆ ಗಾಲಿಯ ಸಪ್ಪಳ

ನನ್ನ ಗಂಡ ನಿಜಗುಣಪ್ಪನಿಗೆ ಸಂಶಯವೆಂದರೆ ಉಪ್ಪಿನಕಾಯಿ ಇದ್ದ ಹಾಗೆ, ಅದಿಲ್ಲದೆ ತುತ್ತು ಇಳಿಯುವುದಿಲ್ಲ. ಹಾಲಿನವಳು ನೀರು ಬೆರೆಸುತ್ತಾಳೆ, ಗಿರಣಿಯವನು ಹಿಟ್ಟು ತೆಗೆಯುತ್ತಾನೆ, ಪಕ್ಕದ ಮನೆಯವರು ನಮ್ಮ ನಲ್ಲಿಗೆ ಕಣ್ಣು ಹಾಕುತ್ತಾರೆ. ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ಈ ಸಲ ಆ ಸಂಶಯ ನನ್ನ ತಮ್ಮನ ಮೇಲೆ ಬಿತ್ತು.

ಹೋದ ದೀಪಾವಳಿಗೆ ನಾವು ಏಳು ಸೀಟಿನ ದೊಡ್ಡ ಗಾಡಿ ಕೊಂಡಿದ್ದೆವು. ಚಚಡಿಯಲ್ಲಿರುವ ನನ್ನ ತಮ್ಮ ಶಂಕರೆಪ್ಪ ಹೆಂಡತಿಯ ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು ಅದನ್ನು ಕೇಳಿಕೊಂಡು ರಾಮದುರ್ಗಕ್ಕೆ ಒಯ್ದ. ಮರುದಿನ ಚೆನ್ನಾಗಿ ತೊಳೆದು ತಂದು ಬೈಲಹೊಂಗಲದಲ್ಲಿ ನಮ್ಮ ಬಾಗಿಲಿಗೆ ಬಿಟ್ಟು ಹೋದ. ಇವರು ಹತ್ತಿ ಹೊರಟರೆ, ಎಡಕ್ಕೆ ತಿರುಗಿಸಿದಾಗಲೆಲ್ಲ ಮುಂದಿನ ಗಾಲಿಯಿಂದ ಕರ್ರ್ ಕರ್ರ್ ಎಂದು ಉಜ್ಜುವ ಸಪ್ಪಳ.

“ನಿನ್ನ ತಮ್ಮ ಎಲ್ಲೋ ಕಲ್ಲಿಗೆ ಬಡದಾನ. ಇಲ್ಲಾಂದ್ರ ತೊಳದು ಯಾಕ ತಂದ?”

“ತೊಳದಿದ್ದೂ ತಪ್ಪಾತೇನ್ರಿ?”

“ಸುಮ್‌ಸುಮ್ಮನ ಯಾರರೆ ಗಾಡಿ ತೊಳೀತಾರೇನು?”

ಬಾಯಲ್ಲಿ ಜಗಳವಾಡಿದೆ, ಆದರೆ ಆ ಮಾತು ಒಳಗೆ ಮುಳ್ಳಿನಂತೆ ಕೂತಿತು. ಹೌದಲ್ಲ, ಯಾಕೆ ತೊಳೆದ? ಕೊನೆಗೆ ತಡೆಯಲಾಗದೆ ನಾನೇ ಫೋನು ಹಚ್ಚಿದೆ.

“ಶಂಕ್ರು, ಖರೇ ಹೇಳು. ಗಾಡಿ ಎಲ್ಲೆರೆ ಬಡಿಸಿದೇನು?”

“ಇಲ್ಲಕ್ಕಾ,” ಎಂದ. ಆಮೇಲೆ, “ನಿಶ್ಚಯದ ಸೀರಿ ದೇವಕ್ಕನ ಕೈಯಾಗ ಕಳಸ್ತೇನಿ. ನನಗ ಬರಾಕ ಆಗಂಗಿಲ್ಲ,” ಎಂದು ಫೋನು ಇಟ್ಟುಬಿಟ್ಟ.

ಮಗಳು ಐಶ್ವರ್ಯಾಳ ನಿಶ್ಚಯಕ್ಕೆ ಸಾಲಹಳ್ಳಿಯ ಬೀಗರು ಬರುವವರಿದ್ದರು. ಸೋದರಮಾವ ತನ್ನ ಕೈಯಾರೆ ಕೊಟ್ಟ ಸೀರೆ ಉಟ್ಟೇ ನಮ್ಮ ಹುಡುಗಿಯರು ಚಾಪೆಯ ಮೇಲೆ ಕೂರುವುದು. ಇರುವವನು ಒಬ್ಬನೇ ತಮ್ಮ, ಅವನೇ ಹೆಂಡತಿ ದೇವಕ್ಕನ ಕೈಯಲ್ಲಿ ಸೀರೆ ಕಳಿಸಿದರೆ ಬೀಗರ ಮುಂದೆ ಏನು ಹೇಳಲಿ?

“ನೋಡಿದ್ಯಾ, ಮಾರಿ ತೋರಸಾಕ ಧೈರ್ಯ ಇಲ್ಲ,” ಎಂದರು ಇವರು.

ನಿಶ್ಚಯದ ಹಿಂದಿನ ದಿನ ಗಾಡಿ ಸುನೀಲನ ಗ್ಯಾರೇಜಿಗೆ ಹೋಯಿತು. ನಾನೂ ಹತ್ತಿ ಕುಳಿತೆ. ಏನು ಸಿಕ್ಕರೂ ನನ್ನ ಕಣ್ಣ ಮುಂದೆಯೇ ಸಿಗಲಿ ಎಂಬ ಹಟ. ಸುನೀಲ ಸ್ವತಃ ಓಡಿಸಿ ನೋಡಿದ. ನೆಟ್ಟಗೆ ಹೋದರೆ ಸದ್ದಿಲ್ಲ, ಬಲಕ್ಕೆ ತಿರುಗಿಸಿದರೂ ಇಲ್ಲ, ಎಡಕ್ಕೆ ಮಾತ್ರ ಕರ್ರ್. ಗಾಲಿ ಬಿಚ್ಚಿ ಬ್ರೇಕು ನೋಡಿದ, ಸರಿಯಿತ್ತು. ಟಾರ್ಚು ಹಿಡಿದು ಬಗ್ಗಿದ. ಗಾಲಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಿಗೆ ಒಂದು ಕಡೆ ಉಬ್ಬಿ ಟೈರಿಗೆ ತಾಗುತ್ತಿತ್ತು. ಅದನ್ನು ಬಿಚ್ಚಿ ಎಳೆದರೆ ಹಿಂದಿನಿಂದ ಒಣ ಬಳ್ಳಿಯ ದೊಡ್ಡ ಮುದ್ದೆಯೊಂದು ಕೆಳಗೆ ಬಿತ್ತು.

ನಮ್ಮ ಕಡೆ ಕಿತ್ತ ಬೆಳೆಯನ್ನು ಡಾಂಬರು ರಸ್ತೆಯ ಮೇಲೆ ಹರವಿ, ಹೋಗಿಬರುವ ಗಾಡಿಗಳ ಗಾಲಿಯಿಂದಲೇ ಒಕ್ಕಣೆ ಮಾಡಿಸುವುದುಂಟು. ಇವರ ಮುಖ ಅರಳಿತು.

“ಸಿಕ್ತಲಾ! ನನ್ನ ಹೊಸಾ ಗಾಡೀಲೆ ರಾಶಿ ಮಾಡ್ಯಾನ! ಅದಕ್ಕ ತೊಳದು ತಂದಾನ!”

ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು. ಏನಾದರೂ ನೋಡಬೇಕಲ್ಲ ಎಂದು ಆ ಮುದ್ದೆಯನ್ನೇ ಕೈಗೆತ್ತಿಕೊಂಡೆ. ಅದರಲ್ಲಿ ಒಂದು ಕಾಯಿ ಇನ್ನೂ ಒಡೆಯದೆ ಉಳಿದಿತ್ತು. ಉಜ್ಜಿದೆ. ಚಪ್ಪಟೆ ಕಾಳು ಅಂಗೈಗೆ ಬಿತ್ತು. ಹುರಳಿ.

ಚಚಡಿಯ ನಮ್ಮ ತವರಿನ ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಕಡಲೆ, ಜೋಳ ಬಿಟ್ಟರೆ ಕಬ್ಬು. ಅಲ್ಲಿ ಹುರಳಿ ಬಿತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹುರಳಿ ಇರುವುದು ಸವದತ್ತಿ ರಸ್ತೆಗೆ ಹತ್ತಿದ ನಮ್ಮದೇ ಕೆಮ್ಮಣ್ಣಿನ ಮಸಾರಿ ಹೊಲದಲ್ಲಿ.

“ನಮ್ಮ ಹುರಳಿ ಯಾವುದರ್ಲೆ ಒಕ್ಕಿಸಿದ್ರಿ?”

“ಟ್ರ್ಯಾಕ್ಟರಲೆ. ಅವತ್ತ ಹೇಳಿದ್ನೆಲ್ಲ.”

“ಯಾರ ಟ್ರ್ಯಾಕ್ಟರ್?”

ಇವರು ಟೈರನ್ನು ಹೊಸದಾಗಿ ನೋಡುವವರಂತೆ ನೋಡತೊಡಗಿದರು. ಸುನೀಲ ನಗು ತಡೆಯಲು ಆಚೆ ತಿರುಗಿದ. ಬೀಗರ ಮನೆಗೆ ಹೋಗಿಬರುವ ಗಾಡಿ, ಹೊಲದ ಕಡೆ ಒಯ್ಯಬೇಡಿ ಎಂದು ನಾನು ಬಡಕೊಂಡಿದ್ದೆ.

“ನಾಕ ಸುತ್ತು ಓಡಿಸಿದ್ನಿ ಅಷ್ಟ,” ಎಂದರು ಕೊನೆಗೆ. “ಶಂಕ್ರು ಒಯ್ಯೂ ಹಿಂದಿನ ದಿನ.”

ತಾ ಕಳ್ಳ, ಪರರ ನಂಬ! ಸುನೀಲ ಮುರಿದ ಕ್ಲಿಪ್ಪುಗಳನ್ನು ಬದಲಿಸಿ ಮುಚ್ಚಿಗೆ ಕೂಡಿಸಿದ ಕೂಡಲೇ, “ಚಚಡಿಗೆ ನಡೀರಿ,” ಎಂದೆ.

ಶಂಕರೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಇವರು ತಲೆ ತಗ್ಗಿಸಿ ಎಲ್ಲ ಹೇಳಿದರು.

“ಇರ್ಲಿ ಬಿಡ್ರಿ ಮಾವಾ,” ಎಂದ ಅವನು. “ಸಪ್ಪಳ ನಾ ಒಯ್ಯುವಾಗನ ಇತ್ತು. ಬಾಯಿ ಬಿಟ್ರ ಕೊಟ್ಟ ಗಾಡ್ಯಾಗ ತಪ್ಪ ಹುಡುಕಿ ಹೆಸರಿಟ್ಟಂಗ ಆಕೈತಿ ಅಂತ ಸುಮ್ಮನಿದ್ನಿ.”

“ಮತ್ತ ತೊಳದು ಯಾಕ ತಂದಿ?” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

“ಅಕ್ಕನ ಮನಿ ಗಾಡಿ, ಧೂಳ ಹಚ್ಚಿ ಹೆಂಗ ಕೊಡ್ಲಿ?”

ಒಳಗೆ ಹೋಗಿ ಸೀರೆಯ ಪೊಟ್ಟಣ ತಂದು ಗಾಡಿ ಹತ್ತಿದ. ಬಾಗಿಲು ಹಾಕಿಕೊಳ್ಳುವ ಮುಂಚೆ ನನ್ನ ಕಡೆ ನೋಡಿದ.

“ಮಾವ ಕೇಳಿದ್ದಕ್ಕ ಸಿಟ್ಟಿಲ್ಲ ನನಗ. ಅವರ ಸ್ವಭಾವ ಗೊತ್ತೈತಿ. ನೀ ಕೇಳಿದ್ಯಲ್ಲಕ್ಕಾ.”

ಬೈಲಹೊಂಗಲ ಮುಟ್ಟುವವರೆಗೆ ಎಷ್ಟೋ ಎಡ ತಿರುವು ಬಂದವು. ಗಾಡಿ ಒಂದು ಸಪ್ಪಳವನ್ನೂ ಮಾಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ.