ಗೊತ್ತಿದ್ದೂ ಒತ್ತಿದ ಸ್ವಿಚ್

ಅಣ್ಣ ಸತ್ತ ಮೂರನೇ ವಾರ ಲಾ ಕಾಲೇಜಿಗೆ ಹೋದರೆ ಅವತ್ತಿನ ಪಾಠವೇ ನರಹತ್ಯೆ. ಗೆಳತಿಯರು ನನ್ನ ಮುಖ ನೋಡಿ ಪುಸ್ತಕದೊಳಗೆ ತಲೆ ತೂರಿಸಿಕೊಂಡರು. ನಾನು ಮಾತ್ರ ಸೀದಾ ಮುಂದಿನ ಸಾಲಿಗೆ ಹೋಗಿ ಕೂತೆ. ಎರಡು ವರ್ಷದಲ್ಲಿ ನಾನು ಆಕಳಿಸದೆ ಕೇಳಿದ ಪಾಠ ಅದೊಂದೇ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಆರು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟಿನ ಗುಂಡಿಗೆ ಇಳಿದು ಕೆಲಸ ಮಾಡುತ್ತಿದ್ದಾಗ ಮೇಲಿನಿಂದ ಅವರ ಮೇಸ್ತ್ರಿ ಸ್ವಿಚ್ ಹಾಕಿದ. ಲಿಫ್ಟ್ ಇಳಿಯಿತು. ಒಳಗೆ ಆಳು ಇದ್ದದ್ದು ಗೊತ್ತೇ ಇರಲಿಲ್ಲ, ಊಟಕ್ಕೆ ಹೋಗಿದ್ದಾನೆ ಅಂದುಕೊಂಡೆ ಎಂದು ಪೊಲೀಸರಿಗೆ ಹೇಳಿದ. ಅವರು 'ನಿರ್ಲಕ್ಷ್ಯದಿಂದ ಸಾವು' ಎಂದು ಬರೆದುಕೊಂಡರು. ಅದೇ ದಿನ ಜಾಮೀನು ಸಿಕ್ಕಿತು. ಮುಂದಿನ ವಾರ ಮೀಸೆಗೆ ಬಣ್ಣ ಹಚ್ಚಿಕೊಂಡು ಕೆಲಸಕ್ಕೂ ಬಂದನಂತೆ. ಆ ಮೀಸೆಯ ಸುದ್ದಿ ಕೇಳಿದಾಗಲೇ ನನಗೆ ಮೈಯೆಲ್ಲ ಉರಿದದ್ದು. ಅವನ ಮೇಲೆ ಕೊಲೆ ಕೇಸೇ ಹಾಕಿಸಬೇಕು ಎಂದು ಹಲ್ಲು ಕಡಿದೆ.

ಆದರೆ ಮೇಡಂ ನನ್ನ ಆಸೆಗೆ ಅಲ್ಲೇ ತಣ್ಣೀರು ಎರಚಿದರು. ಸಾಯಿಸಬೇಕೆಂದೇ ಮಾಡಿದರೆ ಕೊಲೆ. ಸಾಯಿಸುವ ಉದ್ದೇಶವಿಲ್ಲ, ಆದರೆ ಸಾಯಬಹುದು ಎಂದು ಗೊತ್ತಿದ್ದೂ ಮಾಡಿದರೆ ಕೊಲೆಯಲ್ಲದ ನರಹತ್ಯೆ. ಗೊತ್ತೇ ಇರಲಿಲ್ಲ, ಬರೀ ಎಚ್ಚರ ತಪ್ಪಿದ ಎಂದರೆ ನಿರ್ಲಕ್ಷ್ಯ. ಹೆಣ ಮೂರರಲ್ಲೂ ಒಂದೇ, ಕಾನೂನು ತೂಗುವುದು ಸಾಯಿಸಿದವನ ತಲೆಯೊಳಗೆ ಏನಿತ್ತು ಎಂಬುದನ್ನು ಎಂದರು.

ಕ್ಲಾಸ್ ಮುಗಿದ ಮೇಲೆ ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿ ಎಲ್ಲ ಹೇಳಿಕೊಂಡೆ.

"ಕೊಲೆ ಬಿಟ್ಬಿಡು, ಸಿಗಲ್ಲ," ಎಂದರು. "ಮಧ್ಯದ್ದು ಸಿಗಬಹುದು. ಒಳಗೆ ನಿಮ್ಮಣ್ಣ ಇದ್ದಿದ್ದು ಅವನಿಗೆ ಗೊತ್ತಿತ್ತು ಅಂತ ತೋರಿಸು."

ಮನೆಗೆ ಬಂದು ಅತ್ತಿಗೆಗೆ ಇದನ್ನೇ ಬಿಡಿಸಿ ಹೇಳಿದೆ. ಅವಳು ಅಣ್ಣನ ಶರ್ಟುಗಳನ್ನು ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಮಧ್ಯದ್ದು ಅಂದ್ರೇನೇ? ನಿಮ್ಮಣ್ಣ ಅರ್ಧ ಸತ್ರಾ?"

ಅವರಿಬ್ಬರ ಮಧ್ಯೆ ಜಗಳವಿತ್ತು, ಮುಗಿಸಿಬಿಡ್ತೀನಿ ಅಂತ ಮೇಸ್ತ್ರಿ ಬೆದರಿಸಿದ್ದ ಎಂದು ಬರೆಸು, ಕೊಲೆ ಆಗುತ್ತಲ್ಲ ಎಂದಳು. ನಿಜ ಹೇಳಬೇಕೆಂದರೆ, ಆ ವಾಕ್ಯವನ್ನು ನಾನು ಆಗಲೇ ಮನಸ್ಸಿನಲ್ಲಿ ಮೂರು ಥರ ಬರೆದು ನೋಡಿದ್ದೆ. ಸುಳ್ಳು ಅಂತ ಬಿಡಲಿಲ್ಲ, ಅಷ್ಟು ಒಳ್ಳೆಯವಳಲ್ಲ ನಾನು. ಆ ಒಂದು ಸುಳ್ಳನ್ನು ಅವನ ವಕೀಲ ಹಿಡಿದುಬಿಟ್ಟರೆ ಮೇಸ್ತ್ರಿ ಪೂರಾ ಕೈತಪ್ಪಿ ಹೋಗುತ್ತಾನೆ ಎಂದು ಬಿಟ್ಟೆ.

ದಾರಿ ಸಿಕ್ಕಿದ್ದು ಕಡ್ಡಿಯಿಂದ. ಕಡ್ಡಿ ಎಂದರೆ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವಷ್ಟು ತೆಳ್ಳಗಿನ ಮೆಕ್ಯಾನಿಕ್. ಗುಂಡಿಯಲ್ಲಿರುವವನಿಗೆ ಮೇಲಿನ ಕೂಗು ಕೇಳಿಸುವುದಿಲ್ಲ. ಅದಕ್ಕೆ ಸ್ವಿಚ್ ಹಾಕುವ ಮುಂಚೆ ಲಿಫ್ಟ್ ಓಡಾಡುವ ಕಬ್ಬಿಣದ ಹಳಿಗೆ ಸ್ಪ್ಯಾನರಿನಿಂದ ಬಡಿಯುತ್ತಾರಂತೆ. ಕೆಳಗಿನಿಂದ ಒಂದು ಏಟು ಕೇಳಿಸಿದರೆ ಹಾಕಬಹುದು, ಎರಡು ಕೇಳಿಸಿದರೆ ತಡಿ ಎಂದರ್ಥ. ಏನೂ ಕೇಳಿಸದಿದ್ದರೆ ಒಳಗೆ ಯಾರೂ ಇಲ್ಲ. ಮೇಸ್ತ್ರಿ ಬಡಿದನೋ ಇಲ್ಲವೋ ಯಾರೂ ನೋಡಿರಲಿಲ್ಲ. ಆದರೆ ಅವನಿಗೆ ತನ್ನ ಕೆಲಸದ ಬಗ್ಗೆ ಬೆಟ್ಟದಷ್ಟು ಜಂಬ ಎಂದ ಕಡ್ಡಿ.

ಮರುದಿನ ಮಧ್ಯಾಹ್ನ ಅವರ ವರ್ಕ್‌ಶಾಪಿಗೆ ಹೋದೆ. ಗ್ರೀಸ್ ವಾಸನೆ, ಮೂಲೆಯಲ್ಲಿ ಸುತ್ತಿಟ್ಟ ತಂತಿ ಹಗ್ಗ, ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತ ಏಳು ಜನ. ಅಣ್ಣನ ಸ್ಪ್ಯಾನರ್ ಪೆಟ್ಟಿಗೆ ಕೊಡಿ ಎಂದು ಕೇಳಿದೆ. ಮೇಸ್ತ್ರಿ ಪಾಪ ಎನ್ನುವ ಮುಖ ಮಾಡಿ ತಾನೇ ಎತ್ತಿಕೊಟ್ಟ.

ಎಲ್ಲರಿಗೂ ಕೇಳುವ ಹಾಗೆ ಅಂದೆ, "ಹಳಿ ಬಡಿಯದೇನೇ ಸ್ವಿಚ್ ಹಾಕಿದ್ರಂತಲ್ಲ ಮಾಮ. ನಿನ್ನೆ ಕೆಲಸಕ್ಕೆ ಸೇರಿದವನೂ ಹಾಗೆ ಮಾಡಲ್ಲವಂತೆ."

"ಯಾರು ಹೇಳಿದ್ದು? ಇಪ್ಪತ್ತಾರು ವರ್ಷದಲ್ಲಿ ಬಡಿಯದೆ ಸ್ವಿಚ್ ಮುಟ್ಟಿದವನಲ್ಲ ನಾನು."

"ಹಾಗಾದ್ರೆ ಉತ್ತರ ಕೇಳಿಸಿರಲ್ಲ ಬಿಡಿ. ವಯಸ್ಸಾಯ್ತಲ್ಲ, ಕಿವಿ ಮಂದ ಆಗಿದೆ ಅಂತಿದ್ರು."

"ನನ್ನ ಕಿವಿಗೇನಾಗಿದೆ? ಎರಡು ಸಲ ಬಡಿದ, ಚೆನ್ನಾಗೇ ಕೇಳಿಸ್ತು. ಮೇಲೆ ಜನ ಕಾಯ್ತಿದ್ರು. ಗೋಡೆಗೆ ಒರಗಿಕೊಳ್ತಾನೆ ಬಿಡು ಅಂತ..."

ಅಲ್ಲಿಗೆ ನಿಂತ. ಏಳು ಕೈಗಳೂ ಡಬ್ಬಿಯ ಮೇಲೇ ನಿಂತವು. ಅಲ್ಲಿದ್ದ ಒಬ್ಬೊಬ್ಬನೂ ಯಾವತ್ತೋ ಒಂದು ದಿನ ಆ ಗುಂಡಿಯಲ್ಲಿ ನಿಂತು, ಮೇಲಿರುವವನನ್ನು ನಂಬಿ ಎರಡು ಸಲ ಬಡಿದವನೇ. ಕಡ್ಡಿ ಡಬ್ಬಿ ಮುಚ್ಚಿ ಎದ್ದ. ಬನ್ನಿ ಸ್ಟೇಷನ್ನಿಗೆ ಹೋಗೋಣ ಎಂದ. ಇನ್ನೂ ಮೂವರು ಕೈ ತೊಳೆದು ಹಿಂದೆ ಬಂದರು.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ನಾಲ್ವರ ಹೇಳಿಕೆ ಬರೆಸಿಕೊಂಡು, ಹಳೇ ದ್ವೇಷ ಏನಾದ್ರೂ ಇತ್ತಾ ಎಂದು ನನ್ನನ್ನು ಕೇಳಿದ. ಸುದ್ದಿ ಕೇಳಿ ಬಂದು ಪಕ್ಕದಲ್ಲಿ ಕೂತಿದ್ದ ಅತ್ತಿಗೆ ನನ್ನ ಮೊಣಕೈ ಒತ್ತಿದಳು. ಒಂದು ಹೂಂ ಅಂದರೆ ಸಾಕಿತ್ತು. ಇಲ್ಲ ಎಂದೆ. ಮನೆ ತಲುಪುವ ತನಕ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಕೇಸು ಬದಲಾಯಿತು. ಮೇಸ್ತ್ರಿಯನ್ನು ಕೆಲಸದ ಜಾಗದಿಂದಲೇ ಎತ್ತಿಕೊಂಡು ಹೋದರು. ಕೋರ್ಟಿಗೆ ಕರೆತಂದ ದಿನ ವರಾಂಡದಲ್ಲಿ, ಪೊಲೀಸಿನವನ ಪಕ್ಕ ಕೂತಿದ್ದವನು ನನ್ನನ್ನು ನೋಡಿ ಮೆಲ್ಲಗೆ ಅಂದ, "ಬೇಕೂ ಅಂತ ಮಾಡಿದ್ದಲ್ಲಮ್ಮ."

"ಗೊತ್ತು ಮಾಮ. ಬೇಕೂ ಅಂತ ಮಾಡಿದ್ರೆ ಬೇರೆ ಸೆಕ್ಷನ್."

ಅವನು ತಲೆ ತಗ್ಗಿಸಿದ. ಅತ್ತಿಗೆ ಬೆಂಚಿನಲ್ಲಿ ಗೋಡೆಯ ಬದಿಗೆ ಸರಿದು ನನಗೆ ಜಾಗ ಬಿಟ್ಟಳು. ಅವನ ಎದುರಿಗೇ ಕೂತೆವು, ತಲೆ ಎತ್ತಿದಾಗಲೆಲ್ಲ ಅವನಿಗೆ ಕಾಣಿಸಲಿ ಎಂದು.