ಮಷೀನಿನಲ್ಲಿ ದೋಷವಿಲ್ಲ

ಪ್ರಾಸಿಕ್ಯೂಟರ್ ಕಚೇರಿಯ ವ್ಯಾನು ಆ ವಾಷಿಂಗ್ ಮಷೀನನ್ನು ಸೋಫಿಯಾ ನಗರದ ನಮ್ಮ ಪರೀಕ್ಷಾಲಯಕ್ಕೆ ತಂದದ್ದು 2014ರ ಮಾರ್ಚ್ 11ರಂದು. ಡ್ರೈವರ್ ಪಕ್ಕದಲ್ಲಿ ವಯಸ್ಸಾದ ಒಬ್ಬರು ಕೂತಿದ್ದರು. ಸತ್ತವಳ ಗಂಡ. ಸಾಕ್ಷ್ಯದ ವಸ್ತುವಿನ ಜೊತೆ ಮನೆಯವರು ಬರುವಂತಿಲ್ಲ ಎಂದು ನಾನು ಡ್ರೈವರನಿಗೆ ಹೇಳಿದೆ.

"ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ ಮೇಡಂ," ಎಂದ ಅವನು. "ಎಪ್ಪತ್ತು ಕೆಜಿ ಮಷೀನು. ಇವರು ಒಂದು ಕಡೆ ಹಿಡೀದಿದ್ರೆ ನಾನಿನ್ನೂ ಪೆರ್ನಿಕ್‌ನಲ್ಲಿ ಇವರ ಮನೆ ಮೆಟ್ಟಿಲ ಮೇಲೇ ನಿಂತಿರ್ತಿದ್ದೆ."

ಅವರ ಹೆಸರು ರಾಂಗೆಲ್. ಎಪ್ಪತ್ತೆರಡು ವರ್ಷ. ಉಕ್ಕಿನ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಹೆಂಡತಿ ಮಿಂಕಾ ಮಾರ್ಚ್ 4ರ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಸತ್ತಿದ್ದರು. ಒಂದು ಕೈ ಮಷೀನಿನ ಬಾಗಿಲಿನ ಮೇಲೆ, ಇನ್ನೊಂದು ಕೈ ನಲ್ಲಿಯ ಮೇಲೆ ಇತ್ತು. ಶವಪರೀಕ್ಷೆಯ ವರದಿ ಒಂದೇ ಸಾಲಿನದು: ವಿದ್ಯುದಾಘಾತ. ರಾಂಗೆಲ್ ಆಗ ಬ್ರೆಡ್ ತರಲು ಹೋಗಿದ್ದರು.

ಪ್ರಾಸಿಕ್ಯೂಟರ್ ಕೇಳಿದ್ದ ಪ್ರಶ್ನೆಗಳು ನಾಲ್ಕು. ಮಷೀನು ಸುರಕ್ಷತೆಯ ಮಾನದಂಡಕ್ಕೆ ತಕ್ಕಂತಿದೆಯೇ? ಅದರ ಲೋಹದ ಮೈಗೆ ಕರೆಂಟು ಸೋರುತ್ತದೆಯೇ? ಸಾವಿಗೆ ಕಾರಣವೇನು? ಸಾಯುವ ಮುಂಚಿನ ಎರಡು ವಾರ ಮಷೀನಿನಿಂದ ವಿಚಿತ್ರ ಸದ್ದು ಬರುತ್ತಿದೆಯೆಂದು ಆಕೆ ಹೇಳುತ್ತಿದ್ದರಂತೆ. ಅದು ಶಬ್ದದ ಮಿತಿಯನ್ನು ಮೀರುತ್ತದೆಯೇ?

"ನೀವು ಮಾಡೋದೆಲ್ಲ ಮಾಡಿ ಮೇಡಂ," ಎಂದರು ರಾಂಗೆಲ್, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು. "ಕೊನೇಲಿ ಈ ಮಷೀನೇ ಕೊಂದಿದ್ದು ಅಂತ ಮೊಹರು ಹಾಕಿ ಬರೆದುಕೊಡಿ. ನನಗೆ ಇನ್ನೇನೂ ಬೇಡ. ಕಂಪನಿಯಿಂದ ಪರಿಹಾರಾನೂ ಬೇಡ."

ನಾನು ಇಪ್ಪತ್ತಾರು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಅಳತೆಗೆ ಮುಂಚೆ ಯಾರಿಗೂ ಏನೂ ಹೇಳುವುದಿಲ್ಲ.

ಅಳತೆಗಳು ಹೀಗಿದ್ದವು. ಪ್ಲಗ್ಗಿನ ಅರ್ತಿಂಗ್ ಪಿನ್ನಿನಿಂದ ಮಷೀನಿನ ಮೈಗೆ ಇರುವ ಪ್ರತಿರೋಧ 0.06 ಓಮ್, ಮಿತಿ 0.1. ಸೋರುವ ಕರೆಂಟು 0.4 ಮಿಲಿಆಂಪಿಯರ್, ಮಿತಿ 3.5. ಒಳಗಿನ ಹೀಟರನ್ನು ಬಿಚ್ಚಿ ನೀರಿನಲ್ಲಿ ಮುಳುಗಿಸಿ ಅಳೆದೆವು, ಬಿರುಕಿಲ್ಲ. ತಂತಿಗಳ ಹೊದಿಕೆಯ ಮೇಲೆ ಸಾವಿರದ ಇನ್ನೂರೈವತ್ತು ವೋಲ್ಟ್ ಹಾಕಿ ಒಂದು ನಿಮಿಷ ನಿಲ್ಲಿಸಿದೆವು; ತಡೆಯಿತು. ಬಿಚ್ಚಿದ್ದನ್ನು ಮತ್ತೆ ಜೋಡಿಸಿ ಇನ್ನೊಮ್ಮೆ ಅಳೆದೆ. ಅವೇ ಅಂಕಿಗಳು ಬಂದವು.

ರಾಂಗೆಲ್ ವಾರಕ್ಕೆ ಎರಡು ಸಲ ಪೆರ್ನಿಕ್‌ನಿಂದ ರೈಲಿನಲ್ಲಿ ಬಂದು ನಮ್ಮ ಹೊರಗಿನ ಹಾಲ್‌ನಲ್ಲಿ ಕೂರುತ್ತಿದ್ದರು. ಒಳಗೆ ಬರಲು ಕೇಳುತ್ತಿರಲಿಲ್ಲ. ಏಪ್ರಿಲ್ 11ರ ಶುಕ್ರವಾರ ಒಂದು ಡಬ್ಬಿಯಲ್ಲಿ ಬೇಯಿಸಿದ ಗೋಧಿ ತಂದರು, ಮೇಲೆ ಸಕ್ಕರೆ ಪುಡಿ.

"ನಾಳೆಗೆ ನಲವತ್ತು ದಿನ," ಎಂದರು. "ಅವಳ ಹೆಸರಲ್ಲಿ ಒಂದೊಂದು ಚಮಚ ತಿನ್ನಿ. ನಾನೇ ಬೇಯಿಸಿದ್ದು, ಸ್ವಲ್ಪ ಗಟ್ಟಿಯಾಗಿರಬಹುದು."

"ದೇವರು ಅವರನ್ನ ಕ್ಷಮಿಸಲಿ," ಎಂದು ವಾಡಿಕೆಯಂತೆ ಹೇಳಿ ನಾವು ತಿಂದೆವು. ಶಬ್ದ ವಿಭಾಗದ ಲ್ಯೂಬೆನ್ ಎರಡು ಚಮಚ ತಿಂದು, "ರಾಂಗೆಲಣ್ಣ, ಗೋಧಿಗೂ ಉಕ್ಕು ಬೆರೆಸ್ತೀರಾ ನಿಮ್ಮೂರಲ್ಲಿ?" ಎಂದ. ರಾಂಗೆಲ್ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವತ್ತೇ ಶಬ್ದದ ಪರೀಕ್ಷೆ ಇತ್ತು. ನಮ್ಮ ನಿಶ್ಶಬ್ದ ಕೋಣೆಯ ಗೋಡೆಗಳಿಗೂ ಚಾವಣಿಗೂ ಮೊಳದುದ್ದದ ಸ್ಪಂಜಿನ ಮೊನೆಗಳಿವೆ; ಒಳಗೆ ನಿಂತರೆ ಕಿವಿಗೆ ಹತ್ತಿ ತುರುಕಿದ ಹಾಗಾಗುತ್ತದೆ. ನಡುವೆ ಮಷೀನು, ಸುತ್ತ ಹತ್ತು ಮೈಕುಗಳು. ಒಗೆಯುವಾಗ 54 ಡೆಸಿಬೆಲ್, ಹಿಂಡುವಾಗ 75. ಮಷೀನಿನ ಲೇಬಲ್ಲಿನ ಮೇಲೆ ಕಂಪನಿ ಬರೆದದ್ದು 54 ಮತ್ತು 76.

ಪರೀಕ್ಷೆ ಮುಗಿದ ಮೇಲೆ ಲ್ಯೂಬೆನ್ ಮಷೀನನ್ನು ಮತ್ತೆ ಓಡಿಸಿ, ನನ್ನನ್ನು ಕೇಳದೆಯೇ ರಾಂಗೆಲ್‌ರನ್ನು ಒಳಗೆ ಕರೆದ.

"ಅತ್ತಿಗೆ ಕೇಳಿಸ್ಕೊಂಡಿದ್ದು ಯಾವ ಸದ್ದು ಅಂತ ನೀವೇ ಹೇಳಿ ಅಣ್ಣ. ಈಗ ಒಗೀತಾ ಇದೆ ನೋಡಿ."

"ಓಡ್ತಾ ಇದೆಯಾ?" ಎಂದರು ರಾಂಗೆಲ್.

ಲ್ಯೂಬೆನ್ ನನ್ನ ಕಡೆ ನೋಡಿದ. ರಾಂಗೆಲ್ ಮುಂದೆ ಬಂದು ಮಷೀನಿನ ನೆತ್ತಿಯ ಮೇಲೆ ಅಂಗೈ ಇಟ್ಟರು. "ಹೂಂ, ಓಡ್ತಾ ಇದೆ. ನನ್ನ ಕಿವಿ ಕಾರ್ಖಾನೆಗೆ ಹೋಯ್ತು. ಜೋರಾದದ್ದು ಕೇಳಿಸ್ತದೆ, ಸಣ್ಣದು ಕೇಳಿಸಲ್ಲ. ಮಿಂಕಾ ದಿನಾ ಹೇಳೋಳು, ಮಷೀನು ಏನೋ ಹುರೀತಾ ಇದೆ ಕಣ್ರಿ ಅಂತ. ನಾನು ಕಿವಿ ಇಟ್ಟು ನೋಡ್ದೆ, ಏನೂ ಇಲ್ಲ. ನಿನ್ನ ತಲೇಲಿ ಹುರೀತಿರಬೇಕು ಅಂದುಬಿಟ್ಟೆ."

"ಹುರಿಯೋದು ಅಂದ್ರೆ?" ಎಂದೆ.

"ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ. ಚರಚರ ಅಂತ. ಮಷೀನು ಆಫ್ ಆಗಿದ್ದಾಗ್ಲೂ ಬರ್ತದೆ ಅನ್ನೋಳು."

ಯಾವ ವಾಷಿಂಗ್ ಮಷೀನೂ ಹಾಗೆ ಸದ್ದು ಮಾಡುವುದಿಲ್ಲ. ಹಾಗೆ ಸದ್ದು ಮಾಡುವುದು ಸಡಿಲವಾದ ವಿದ್ಯುತ್ ಜೋಡಣೆ. ಮೂವತ್ತನಾಲ್ಕು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರಿಗೆ ಇದು ಗೊತ್ತಿಲ್ಲದಿರಲು ಸಾಧ್ಯವಿಲ್ಲ.

"ನಿಮ್ಮ ಮಹಡಿಯ ಮೀಟರ್ ಬೋರ್ಡ್ ಎಲ್ಲಿದೆ ರಾಂಗೆಲಣ್ಣ?"

ಅವರು ಮಷೀನಿನ ಮೇಲಿಂದ ಕೈ ತೆಗೆಯಲಿಲ್ಲ. "ಮೆಟ್ಟಿಲ ಹತ್ರ," ಎಂದರು. "ಸ್ನಾನದ ಮನೆ ಗೋಡೆ ಆಚೆ ಕಡೆ."

ಮೂರನೇ ಪ್ರಶ್ನೆಗೆ ಉತ್ತರಿಸಲು ಸ್ಥಳ ನೋಡುವ ಅಧಿಕಾರ ನನಗಿತ್ತು. ಏಪ್ರಿಲ್ 15ರಂದು ಪೆರ್ನಿಕ್‌ಗೆ ಹೋದೆ; ರಾಂಗೆಲ್ ಕೆಳಬಾಗಿಲಿನಲ್ಲಿ ಕಾಯುತ್ತಿದ್ದರು. ಕಟ್ಟಡ 1976ರದು, ಕಾಂಕ್ರೀಟ್ ಹಲಗೆಗಳದ್ದು, ಒಂದೇ ಮೆಟ್ಟಿಲಸಾಲಿಗೆ ಹದಿನೆಂಟು ಮನೆ. ಕೆಳಬಾಗಿಲಿನ ಗಾಜಿಗೆ ಮಿಂಕಾರ ಫೋಟೊ ಇದ್ದ ನಲವತ್ತನೇ ದಿನದ ಶ್ರದ್ಧಾಂಜಲಿಯ ಕಾಗದ ಅಂಟಿಸಿತ್ತು, ಇನ್ನಿಬ್ಬರ ಹಳೆಯ ಕಾಗದಗಳ ಪಕ್ಕದಲ್ಲಿ.

ಮೂರನೇ ಮಹಡಿಯ ಪಾವ್ಲಿನಾ ಮೆಟ್ಟಿಲ ಮೇಲೆ ನಮ್ಮನ್ನು ತಡೆದಳು. ಐವತ್ತರ ಆಸುಪಾಸಿನ, ಏಪ್ರನ್ ಕಟ್ಟಿದ ಹೆಂಗಸು.

"ಪೊಲೀಸ್ನೋರಿಗೂ ಹೇಳಿದ್ದೀನಿ, ನಿಮಗೂ ಹೇಳ್ತೀನಿ ಎಂಜಿನಿಯರಮ್ಮ. ಅವತ್ತು ಬೆಳಿಗ್ಗೆ ಮಿಂಕಕ್ಕ ಮೇಲಿಂದ ಕೂಗಿದ್ಲು, ಪಾವ್ಲಿನಾ, ನಿಮ್ಮನೇಲಿ ಕರೆಂಟಿದೆಯೇನೆ ಅಂತ. ಇದೆ ಅಂದೆ. ನಮ್ಮಲ್ಲಿ ಹೋಯ್ತು ಕಣೇ, ಹೋಗ್ಲಿ ಬಿಡು, ಬಟ್ಟೆ ತೆಗೆದುಬಿಡ್ತೀನಿ, ಯಜಮಾನ್ರು ಬಂದು ನೋಡ್ಲಿ ಅಂದ್ಲು. ಅಷ್ಟೇ. ಕರೆಂಟೇ ಇಲ್ಲದ ಮನೇಲಿ ಕರೆಂಟ್ ಹೊಡೆದು ಸಾಯೋದು ಅಂದ್ರೆ ಏನು ಹೇಳಿ?"

ಆ ಮಾತು ಪ್ರಾಸಿಕ್ಯೂಟರ್ ನನಗೆ ಕಳಿಸಿದ್ದ ಕಡತದಲ್ಲಿರಲಿಲ್ಲ. ರಾಂಗೆಲ್ ತಲೆಯೆತ್ತದೆ ಮೆಟ್ಟಿಲು ಹತ್ತಿದರು.

ನಾಲ್ಕನೇ ಮಹಡಿಯ ಬೋರ್ಡಿನಲ್ಲಿ ಅವರ ಮನೆಯ ನ್ಯೂಟ್ರಲ್ ತಂತಿಗೆ ಹೊಳೆಯುವ ಹೊಸ ಕ್ಲಾಂಪ್ ಹಾಕಿತ್ತು. ಅದರ ಕೆಳಗೆ ಅಲ್ಯೂಮಿನಿಯಂ ತಂತಿಯ ತುದಿ ಎರಡು ಬೆರಳಿನಷ್ಟು ಕಪ್ಪಾಗಿತ್ತು. "ವಿದ್ಯುತ್ ಕಂಪನಿ ಹುಡುಗರು ಅವತ್ತು ಮಧ್ಯಾಹ್ನ ಬಂದು ಬಿಗಿ ಮಾಡಿ ಹೋದ್ರು," ಎಂದರು ರಾಂಗೆಲ್. ನಾನು ಸ್ನಾನದ ಮನೆಗೆ ಹೋಗಿ ಸಾಕೆಟ್ ಬಿಚ್ಚಿದೆ.

ಆ ಕಾಲದ ಕಟ್ಟಡಗಳಿಗೆ ಎರಡೇ ತಂತಿ: ಕರೆಂಟು ತರುವುದೊಂದು, ವಾಪಸು ಒಯ್ಯುವ ನ್ಯೂಟ್ರಲ್ ಒಂದು. ಅರ್ತಿಂಗಿಗೆ ಬೇರೆ ತಂತಿಯಿಲ್ಲ. ಆದ್ದರಿಂದ ಸಾಕೆಟ್ಟಿನೊಳಗೆ ಬೆರಳುದ್ದದ ತುಂಡು ತಂತಿಯಿಂದ ಅರ್ತಿಂಗನ್ನು ನ್ಯೂಟ್ರಲ್‌ಗೆ ಸೇರಿಸುತ್ತಿದ್ದರು. ಅಂದಿನ ನಿಯಮವೇ ಹಾಗಿತ್ತು. ನ್ಯೂಟ್ರಲ್ ಗಟ್ಟಿಯಾಗಿರುವವರೆಗೂ ಅದು ಕಾಯುತ್ತದೆ. ನ್ಯೂಟ್ರಲ್ ಕಡಿದುಹೋದರೆ ಮನೆಯ ದೀಪಗಳು ಆರುತ್ತವೆ; ಫ್ರಿಜ್ಜನ್ನು ಹಾದುಬಂದ ಕರೆಂಟು ವಾಪಸು ಹೋಗಲು ದಾರಿಯಿಲ್ಲದೆ ಆ ತುಂಡು ತಂತಿಯ ಮೂಲಕ ಮಷೀನಿನ ಮೈಗೆ ಬಂದು ನಿಲ್ಲುತ್ತದೆ. ಮಷೀನನ್ನೂ ನಲ್ಲಿಯನ್ನೂ ಒಟ್ಟಿಗೆ ಮುಟ್ಟಿದವರ ಮೈಯೊಳಗಿಂದ ನೆಲಕ್ಕೆ ಇಳಿಯುತ್ತದೆ. ಫ್ಯೂಸ್ ಹಾರುವುದಿಲ್ಲ. ಮಷೀನಿನ ಅರ್ತಿಂಗ್ ಎಷ್ಟು ಚೆನ್ನಾಗಿದ್ದರೆ ಕರೆಂಟು ಅದರ ಮೈಗೆ ಅಷ್ಟು ಸಲೀಸಾಗಿ ಬರುತ್ತದೆ. ಈ ಮಷೀನಿನದು 0.06 ಓಮ್.

ತುಂಡು ತಂತಿ ಅಚ್ಚುಕಟ್ಟಾಗಿತ್ತು. ಎರಡೂ ತುದಿಗಳನ್ನು ಉಂಗುರದಂತೆ ಬಗ್ಗಿಸಿ, ಸ್ಕ್ರೂ ತಿರುಗುವ ಕಡೆಗೇ ಸುತ್ತಿ ಬಿಗಿದಿದ್ದರು.

"ಕೆಲಸ ಕೆಟ್ಟದಾಗಿದೆಯಾ?" ಎಂದು ಕೇಳಿದರು ರಾಂಗೆಲ್.

"ಇಲ್ಲ. ಚೆನ್ನಾಗಿ ಮಾಡಿದ್ದಾರೆ."

"ನಾನೇ ಮಾಡಿದ್ದು. ಎಂಬತ್ತಮೂರನೇ ಇಸವೀಲಿ. ಹದಿನೆಂಟೂ ಮನೆಗೆ. ಒಂದೊಂದು ಮನೇಲಿ ಒಂದೊಂದು ಲೋಟ ರಾಕಿಯಾ ಕೊಟ್ರು, ಕೊನೇ ಮನೇಲಿ ಸ್ಕ್ರೂ ಎರಡೆರಡು ಕಾಣ್ತಿತ್ತು." ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತರು. "ಬ್ರೆಡ್ ತಗೊಂಡು ಬಂದೆ. ಬಾಗಿಲು ತೆಗೆದು ಸ್ವಿಚ್ ಒತ್ತಿದೆ, ದೀಪ ಹತ್ತಲಿಲ್ಲ. ಸ್ನಾನದ ಮನೇಲಿ ನೀರಿನ ಸದ್ದು. ಅವಳನ್ನ ಇನ್ನೂ ನೋಡಿರಲಿಲ್ಲ, ಅಷ್ಟರಲ್ಲೇ ಗೊತ್ತಾಯ್ತು ನನಗೆ."

"ಮತ್ತೆ ಪರೀಕ್ಷಾಲಯಕ್ಕೆ ಯಾಕೆ ಬರ್ತಿದ್ರಿ?"

"ಒಂದು ವೇಳೆ ಮಷೀನೂ ಕೆಟ್ಟಿದ್ರೆ ಅಂತ. ಎರಡೂ ಒಟ್ಟಿಗೆ ಆಗಬಹುದಲ್ಲ ಮಗಳೇ? ಕಾರಣ ತಿಳಿದುಬಂದಿಲ್ಲ ಅಂತಾದ್ರೂ ಬರೆಯೋಕಾಗಲ್ವಾ?"

ಆಗುವುದಿಲ್ಲ ಎಂದೆ. ಏಪ್ರಿಲ್ 22ರಂದು ವರದಿ ಕಳಿಸಿದೆ. ಮಷೀನಿನಲ್ಲಿ ದೋಷವಿಲ್ಲ. ಶಬ್ದ ಮಿತಿಯೊಳಗಿದೆ. ಕಾರಣ: ನ್ಯೂಟ್ರಲ್ ಕಡಿದುಹೋದದ್ದು ಮತ್ತು ಸಾಕೆಟ್ಟಿನಲ್ಲಿ ಅದನ್ನು ಅರ್ತಿಂಗಿಗೆ ಸೇರಿಸಿದ್ದು. ಯಾರು ಸೇರಿಸಿದರೆಂದು ಪ್ರಾಸಿಕ್ಯೂಟರ್ ಕೇಳಿರಲಿಲ್ಲ, ನಾನೂ ಬರೆಯಲಿಲ್ಲ. ಮೇ ತಿಂಗಳಲ್ಲಿ ಪ್ರಕರಣ ಮುಚ್ಚಿತು. ಜೋಡಣೆ ಅಂದಿನ ನಿಯಮದಂತೆಯೇ ಇತ್ತು, ಹಾಗಾಗಿ ಯಾರದೂ ತಪ್ಪಿಲ್ಲ. ಆದೇಶದ ಪ್ರತಿ ರಾಂಗೆಲ್‌ರಿಗೂ ಹೋಯಿತು.

ಅದಾದ ವಾರಕ್ಕೆ ಅವರ ಫೋನ್ ಬಂತು. "ನಿಮ್ಮ ಕಿವಿ ಬೇಕಿತ್ತು," ಎಂದರು.

ಶನಿವಾರ ಹೋದೆ. ಕೆಳಬಾಗಿಲಿನ ಗಾಜಿನ ಮೇಲೆ, ಮಿಂಕಾರ ಕಾಗದದ ಪಕ್ಕ, ಅವರ ಕೈಬರಹದ ಇನ್ನೊಂದು ಕಾಗದ: ಸಾಕೆಟ್ಟಿನ ತಂತಿಯ ವಿಚಾರ, ಅರ್ತಿಂಗಿಗೆ ಮೂರನೇ ತಂತಿ ಎಳೆಸಬೇಕು, ಎಲ್ಲರೂ ಸಭೆಗೆ ಬನ್ನಿ. ಸಭೆಗೆ ನಾಲ್ಕು ಮನೆಯವರು ಬಂದಿದ್ದರಂತೆ. ಹನ್ನೆರಡು ಮನೆ ಒಪ್ಪದೆ ಗೋಡೆ ಕೊರೆಯುವಂತಿಲ್ಲ. ಮೂರು ಮನೆಗಳ ಮಾಲೀಕರು ಸ್ಪೇನಿನಲ್ಲಿದ್ದಾರೆ.

ಅವರು ದಿನವೂ ಪ್ರತಿ ಮಹಡಿಯ ಬೋರ್ಡಿಗೂ ಅಂಗೈ ಇಟ್ಟು ಬಿಸಿ ನೋಡುತ್ತಿದ್ದರು. ಅಂಗೈಗೆ ನಂಬಿಕೆ ಸಾಲದೆ ನನ್ನನ್ನು ಕರೆದಿದ್ದರು. ನಾವು ಕೆಳಗಿನಿಂದ ಶುರುಮಾಡಿದೆವು. ಒಂದು, ಎರಡು, ಏನೂ ಇಲ್ಲ. ಮೂರನೇ ಮಹಡಿಯಲ್ಲಿ ಕಿವಿ ಇಟ್ಟೆ. ತುಂಬ ಸಣ್ಣಗೆ, ಬಿಟ್ಟುಬಿಟ್ಟು, ಚರಚರ.

ನನ್ನ ಮುಖ ನೋಡಿದ ರಾಂಗೆಲ್ ಬೋರ್ಡಿನ ಬಾಗಿಲು ತೆರೆದು, ಸದ್ದು ಯಾವ ಮನೆಯದೆಂದು ನಾನು ತೋರಿಸಿದ ಕೂಡಲೇ ಆ ಮನೆಯ ಸ್ವಿಚ್ ಇಳಿಸಿದರು. ಒಳಗೆ ಓಡುತ್ತಿದ್ದ ಮಷೀನು ನಿಂತಿತು. ಪಾವ್ಲಿನಾ ಹೊರಗೆ ಬಂದಳು.

"ಮತ್ತೆ ಶುರುವಾಯ್ತಾ ನಿಮ್ಮದು?"

"ನಿನ್ನ ನ್ಯೂಟ್ರಲ್ ಸಡಿಲ ಆಗಿದೆ ಪಾವ್ಲಿನಾ. ಎಂಜಿನಿಯರಮ್ಮ ಕೇಳಿಸ್ಕೊಂಡಿದ್ದಾರೆ. ನಾನೇ ಬಿಗಿ ಮಾಡ್ತೀನಿ, ಹತ್ತು ನಿಮಿಷ."

"ಬೋರ್ಡಿಗೆ ಕೈ ಹಾಕಿದ್ರೆ ಕಂಪನಿಯೋರು ನನಗೆ ದಂಡ ಹಾಕ್ತಾರೆ, ನಿಮಗಲ್ಲ. ಸಾಕೆಟ್ಟಿನ ತುಂಡು ತಂತಿ ಕಿತ್ತುಬಿಡ್ತೀನಿ ಅಂತಿದ್ರಲ್ಲ ಹೋದ ವಾರ, ಕಿತ್ರೆ ನನ್ನ ಮಷೀನಿಗೆ ಅಪಾಯ ಇರಲ್ವಾ? ಹೇಳಿ."

ರಾಂಗೆಲ್ ಸುಳ್ಳು ಹೇಳಲಿಲ್ಲ. "ಇರ್ತದೆ. ಆಗ ಅರ್ತಿಂಗೇ ಇರಲ್ಲ."

"ಇಟ್ರೂ ಸಾವು, ಕಿತ್ರೂ ಸಾವು! ಎಂಥ ಎಲೆಕ್ಟ್ರಿಷಿಯನ್ ರೀ ನೀವು?" ಎಂದು ಸ್ವಿಚ್ ಏರಿಸಿದಳು. ರಾಂಗೆಲ್ ಇಳಿಸಿದರು. ಆಕೆ ಮತ್ತೆ ಏರಿಸಿದಳು. ನಾನು ನನ್ನ ಗುರುತಿನ ಚೀಟಿ ತೋರಿಸಿ, ಇದು ನಿಜವಾದ ಅಪಾಯ, ಕಂಪನಿಯವರು ಬರುವವರೆಗೆ ಆಫ್ ಇರಲಿ ಎಂದೆ. ಯಾವಾಗ ಬರ್ತಾರೆ ಎಂದು ಕೇಳಿದಳು. ಅಲ್ಲೇ ಫೋನ್ ಮಾಡಿದೆ. ದೂರು ಬರೆದುಕೊಂಡು ಸಂಖ್ಯೆ ಕೊಟ್ಟರು. ಮನೆಯಲ್ಲಿ ದೀಪ ಉರಿಯುತ್ತಿದೆಯೇ ಎಂದರು. ಉರಿಯುತ್ತಿದೆ ಎಂದೆ. ಹಾಗಾದರೆ ತುರ್ತು ಅಲ್ಲ, ಬುಧವಾರದೊಳಗೆ ನೋಡುತ್ತೇವೆ ಎಂದರು.

"ಬುಧವಾರದವರೆಗೆ ಫ್ರಿಜ್ಜಲ್ಲಿರೋ ಮಾಂಸ ನೀವು ತಿಂತೀರಾ?" ಎಂದು ಪಾವ್ಲಿನಾ ಒಳಗೆ ಹೋದಳು. ಬರುವಾಗ ನೆಲಮಾಳಿಗೆಯ ಬೀಗ ತಂದಳು. ಬೋರ್ಡಿನ ಬಾಗಿಲು ಮುಚ್ಚಿ ಕೊಂಡಿಗೆ ಜಡಿದಳು. "ನಿಮ್ಮ ದುಃಖ ನಮಗೆ ಗೊತ್ತಿಲ್ವಾ ರಾಂಗೆಲಣ್ಣ?" ಎಂದಳು, ಈಗ ಮೆತ್ತಗೆ. "ಮನೆಗೆ ಹೋಗಿ. ಒಂದಿಷ್ಟು ಸೂಪ್ ಕಳಿಸ್ತೀನಿ."

"ಹುಷಾರು, ಮಷೀನೂ ನಲ್ಲೀನೂ ಒಟ್ಟಿಗೆ ಮುಟ್ಟಬೇಡ," ಎಂದರು ರಾಂಗೆಲ್. "ದೀಪ ಹೋದ್ರೆ ಏನನ್ನೂ ಮುಟ್ಟಬೇಡ. ಕೇಳಿಸ್ತಾ?"

ಆಕೆ ಬಾಗಿಲು ಹಾಕಿಕೊಂಡಾಗಿತ್ತು.

ಅವರು ಮೆಟ್ಟಿಲ ಮೇಲೆ ಕೂತರು. ನಾನು ಬೀಗ ಹಾಕಿದ ತಗಡಿಗೆ ಕಿವಿ ಇಟ್ಟೆ. ಸದ್ದು ಇತ್ತು. ಹಾಗೆಂದು ಅವರಿಗೆ ಹೇಳಿದೆ. ಬಾಗಿಲಿನ ಒಳಗೆ ಮಷೀನು ನೀರು ಚೆಲ್ಲಿ ಮುಗಿಸಿ, ಹಿಂಡಲು ಶುರುಮಾಡಿತು. ಮೆಟ್ಟಿಲ ಕಂಬಿ ಅದುರಿತು.

"ಇದು ನನಗೆ ಕೇಳಿಸ್ತದೆ," ಎಂದರು ರಾಂಗೆಲ್.