ಹಳದಿ ಗೆರೆಯೊಳಗೆ ಕೂತವನು

ನನ್ನ ಎಡಗಾಲಿನಷ್ಟು ಬೆಲೆಬಾಳುವ ಕಾಲು ಇಡೀ ಕಲಬುರಗಿ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ. ಸಣ್ಣವನಿದ್ದಾಗಲೇ ಪೋಲಿಯೋ ಅದನ್ನು ಹಿಂಡಿ ನುಗ್ಗೆಕಾಯಿ ಮಾಡಿ ಬಿಟ್ಟಿತ್ತು, ನಿಜ. ಆದರೆ ಆ ನುಗ್ಗೆಕಾಯಿಗಾಗಿ ಕಾರುಗಳು ಕಲಬುರಗಿಯಿಂದ ಕಮಲಾಪುರಕ್ಕೆ ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಬರುತ್ತಿದ್ದುದು ಒಂದೇ ಕಾರು, ಅದೂ ಹಳೇ ಮಾರುತಿ ಎಂದು ಹೇಳುವವರಿದ್ದಾರೆ. ಹೊಟ್ಟೆಕಿಚ್ಚಿನ ಮಂದಿ, ಕಿವಿಗೆ ಹಾಕಿಕೊಳ್ಳಬೇಡಿ.

ನಾನು ಜಯತೀರ್ಥ. ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಅಂಗವಿಕಲರ ಕೋಟಾದಲ್ಲಿ ಸಿಕ್ಕ ಎಸ್‌ಟಿಡಿ ಬೂತ್ ನನ್ನದು. ಮೊಬೈಲು ಇನ್ನೂ ಸಾಹುಕಾರರ ಕಿಸೆಯಲ್ಲಷ್ಟೇ ಇದ್ದ ಕಾಲ. ದುಬೈ, ಮುಂಬೈ, ಹೈದರಾಬಾದು ಎಲ್ಲವೂ ನನ್ನ ಅಪ್ಪಣೆ ಕೇಳಿಯೇ ಬಾಯಿ ಬಿಡುತ್ತಿದ್ದವು.

ಆ ವರ್ಷ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಹೊಸದೊಂದು ಕಾಂಪ್ಲೆಕ್ಸ್ ಎದ್ದಿತು. ಅದರ ಬಾಗಿಲಿಗೆ ಹತ್ತಿಕೊಂಡೇ ನೆಲದ ಮೇಲೆ ಹಳದಿ ಗೆರೆಯ ಚೌಕ, ಚೌಕದ ನಡುವೆ ಗಾಲಿಕುರ್ಚಿಯ ಚಿತ್ರ. ಊರಿಗೇ ಹೊಸ ಸಂಗತಿ. ಒಳಗೆ ಕುರ್ಚಿ ಅಂಗಡಿ ಇದೆ ಎಂದುಕೊಂಡು ವಿಚಾರಿಸಲು ಬಂದವರೂ ಇದ್ದರಂತೆ. ಚೌಕಕ್ಕೆ ಅಡ್ಡ ಸರಪಳಿ, ಸರಪಳಿಗೆ ಕಾವಲು ವಾಚ್‌ಮನ್ ದೌಲಪ್ಪ. ಅವನ ಕಾನೂನು ಒಂದೇ: "ಗಾಡಿಯಾಗ ಅಂಗವಿಕಲರಿದ್ರ ಸರಪಳಿ ಬಿಚ್ತೀನಿ. ಇಲ್ಲಂದ್ರ ಮಂತ್ರಿ ಬಂದ್ರೂ ಬಿಚ್ಚಾಂಗಿಲ್ಲ."

ಮೊದಲ ಸಲ ನಾವು ಹೋದದ್ದು ನ್ಯಾಯವಾದ ಕೆಲಸಕ್ಕೇ. ನನ್ನ ಕಾಲಿಗೆ ಪಟ್ಟಾ ಬಿಗಿದು ಕಟ್ಟುವ ಕಬ್ಬಿಣದ ಕ್ಯಾಲಿಪರಿಗೆ ಬೂಟು ಕೊಡಿಸಲು ಅಕ್ಕನ ಮಗ ಹಣಮಂತ ಕಾರಿನಲ್ಲಿ ಕರೆದೊಯ್ದಿದ್ದ. ಅವನು ಜೇವರ್ಗಿ ಕಾಲೋನಿಯಲ್ಲಿ ಮನೆ ಮಾಡಿಕೊಂಡ ನೌಕರದಾರ. ದೌಲಪ್ಪ ಕಿಟಕಿಯೊಳಗೆ ಬಗ್ಗಿ ನೋಡಿದ, ನನ್ನ ಊರುಗೋಲು ಕಂಡ, ಸಲಾಮು ಹೊಡೆದು ಸರಪಳಿ ಕೆಳಗಿಳಿಸಿದ. ಆಟೋಗಳು ಒಂದರ ಮೇಲೊಂದು ಹತ್ತಿ ನಿಂತಿದ್ದ ಆ ಗದ್ದಲದಲ್ಲಿ ನಮ್ಮ ಕಾರು ಮದುಮಗನಂತೆ ಒಳಗೆ ಹೋಗಿ ನಿಂತಿತು. ಹಣಮಂತ ನನ್ನ ಕಾಲನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

ಮುಂದಿನ ವಾರವೇ ಬೂತಿಗೆ ಫೋನು ಬಂತು. "ಮಾಮಾ, ತಯಾರಾಗಿರು. ಬಾಜಾರಕ್ಕ ಹೋಗೋದದ."

"ನನಗೇನೂ ತರೋದಿಲ್ಲಲೋ."

"ನೀ ಏನೂ ತರಬ್ಯಾಡ. ಸುಮ್ನ ಕೂಡು, ಅಷ್ಟೇ."

ಕೂತೆ. ಅವರು ಒಳಗೆ ಹೋಗಿ ಸೀರೆ, ಬಂಗಾರ, ಬೆಲ್ಲ, ಬೇಳೆ ತಂದರು. ನಾನು ಕಾರಿನೊಳಗೆ ಮಿರ್ಚಿ ಭಜಿ ತಿಂದೆ. ಅದೇ ರೂಢಿಯಾಯಿತು. ಹಣಮಂತನ ಬೀಗರು, ಬೀಗರ ನೆರೆಯವರು, ನೆರೆಯವರ ಆಫೀಸಿನವರು ಎಲ್ಲರಿಗೂ ನಾನು ಬೇಕಾದೆ. ಮದುವೆ ಸುಗ್ಗಿಯಲ್ಲಿ ಪುರೋಹಿತರು ಸಿಗುತ್ತಿದ್ದರು, ನಾನು ಸಿಗುತ್ತಿರಲಿಲ್ಲ. ದೌಲಪ್ಪನಿಗೆ ನಮ್ಮೂರ ಕೆಂಪು ಬಾಳೆಹಣ್ಣಿನ ಚಿಪ್ಪು ಒಯ್ದು ಕೊಡುತ್ತಿದ್ದೆ. ಅವನ ಸಲಾಮು ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಕಾರಿನಿಂದ ಇಳಿಯಬೇಕೆಂದು ಅವನ ಕಾನೂನಿನಲ್ಲಿ ಇರಲಿಲ್ಲ. ಇಳಿ ಎಂದು ನಮ್ಮವರೂ ಹೇಳಲಿಲ್ಲ. ನಾನು ಇಳಿದರೆ ನನ್ನ ನಡಿಗೆಗೆ ಅವರು ನಿಲ್ಲಬೇಕಲ್ಲ!

ದೀಪಾವಳಿಗೆ ಮುಂಚಿನ ಒಂದು ರವಿವಾರ. ಹಣಮಂತ, ಅವನ ಹೆಂಡತಿ ಇಂದೂಬಾಯಿ, ಅವಳ ತಾಯಿ, ಮೂವರೂ ಸೀರೆ ಅಂಗಡಿಯೊಳಗೆ ಮುಳುಗಿದ್ದರು. ನಾನು ಮುಂದಿನ ಸೀಟಿನಲ್ಲಿ ಭಜಿಯ ಪೊಟ್ಟಣ ಬಿಚ್ಚುತ್ತಿದ್ದೆ. ಆಗ ಸರಪಳಿಯ ಹತ್ತಿರ ಒಂದು ಸ್ಕೂಟರ್ ಬಂದು ನಿಂತಿತು. ಹಿಂದೆ ಎರಡು ಹೆಚ್ಚಿನ ಗಾಲಿ, ಕಪನೂರಿನ ಯಾವುದೋ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿದ್ದು. ಪಕ್ಕಕ್ಕೆ ಕಟ್ಟಿದ ಎರಡು ಊರುಗೋಲು. ಮೇಲೆ ಕೂತಿದ್ದ ಹೆಣ್ಣುಮಗಳು ಬುರ್ಖಾದ ಮುಸುಕು ಹಿಂದೆ ಸರಿಸಿ ದೌಲಪ್ಪನನ್ನು ಕೇಳಿದಳು, "ಯಣ್ಣಾ, ಇದು ನಮ್ಮಂಥೋರ ಜಾಗಾ ಅಲ್ಲೇನು?"

"ಹೌದವ್ವಾ. ಆದ್ರ ಭರ್ತಿ ಆಗ್ಯಾದ. ಒಳಗ ಸಾಹೇಬ್ರು ಅದಾರ ನೋಡು."

ಅವಳು ನನ್ನ ಕಿಟಕಿಯ ಹತ್ತಿರ ಸ್ಕೂಟರ್ ತಂದಳು. ಊರುಗೋಲು ನೋಡಿದಳು, ಮುಖ ಅರಳಿತು. ಊರು ಬಿಟ್ಟು ಬಂದವರಿಗೆ ಊರಿನವರು ಸಿಕ್ಕಾಗ ಅರಳುತ್ತದಲ್ಲ, ಹಾಗೆ.

"ಭಾಯಿಸಾಬ್, ಇಳ್ಯಾಕತ್ತೀರೋ, ಹೊಂಟೀರೋ? ನಾ ಮೆಹಬೂಬಿ ಅಂತ. ಈ ಸೀರಿ ಅಂಗಡ್ಯಾಗ ಫಾಲ್-ಪಿಕೋ ಮಷೀನಿಗಿ ಒಬ್ಬಾಕಿ ಬೇಕಂತ. ಹನ್ನೆರಡರೊಳಗ ಬಾ ಅಂದಾರ, ಇಲ್ಲಂದ್ರ ಇನ್ನೊಬ್ಬಾಕಿಗಿ ಕೂಡಸ್ತಾರಂತ. ನೀವು ಹೊಂಟಿದ್ರ ನಾ ಇಲ್ಲೇ ನಿಲ್ತೀನಿ."

ಗಂಟೆ ಹನ್ನೆರಡಾಗುತ್ತ ಬಂದಿತ್ತು. ಹಾರ್ನ್ ಒತ್ತಬಹುದಿತ್ತು. ದೌಲಪ್ಪನನ್ನು ಒಳಗೆ ಕಳಿಸಿ ಹಣಮಂತನನ್ನು ಕರೆಸಬಹುದಿತ್ತು. ಆದರೆ ಕಾರಿನಲ್ಲಿ ಕೂತವನಿಗೆ ಸ್ಕೂಟರ್ ಮೇಲೆ ಕೂತವರ ಮುಂದೆ ಕಿರಿದಾಗಲು ಮನಸ್ಸು ಬರುವುದಿಲ್ಲ. ಭಜಿಯ ಪೊಟ್ಟಣವನ್ನು ಧೋತರದ ಸೆರಗಿನಡಿ ಸರಿಸಿ, ದೊಡ್ಡ ಉಸಿರು ಬಿಟ್ಟು ಹೇಳಿದೆ, "ಈಗ ಬಂದೀನವಾ. ದೊಡ್ಡ ಕೆಲಸ ಅದ. ಕ್ಯಾಲಿಪರ್ ಬಿಗಿ ಮಾಡಿಕೊಂಡು ಇಳೀಲಿಕ್ಕತ್ತೀನಿ."

ಅವಳು ನಂಬಿದಳು. ಸುಮ್ಮನೆ ನಂಬಲಿಲ್ಲ, ಮರುಗಿದಳು. "ಆ ಪಟ್ಟಾ ಕಚ್ಚತದ, ನನಗ ಗೊತ್ತದ. ಸಾವಕಾಶ ಇಳೀರಿ ಭಾಯಿಸಾಬ್, ಗಡಬಡಿ ಮಾಡಬ್ಯಾಡ್ರಿ. ನಾ ದೂರ ಗಾಡಿ ಹಚ್ಚಿ ಬರ್ತೀನಿ."

ಸ್ಕೂಟರ್ ತಿರುಗಿಸಿಕೊಂಡು ಹೋದಳು. ಜಾಗ ಸಿಕ್ಕಿದ್ದು ಕಿರಾಣಿ ಅಂಗಡಿಗಳ ಸಾಲಿನ ಆಚೆ ತುದಿಯಲ್ಲಿ. ಅಲ್ಲಿಂದ ಅವಳು ನಡೆದು ಬಂದ ದಾರಿಯನ್ನು ಕಾರಿನ ಕನ್ನಡಿಯಲ್ಲಿ ನೋಡಿದೆ. ಪ್ರತಿಯೊಂದಕ್ಕೂ ನಾಲ್ಕು ಸೇರಿಸಿ ಹೇಳುವ ನಾನು ಈ ದಾರಿಗೆ ಏನನ್ನೂ ಸೇರಿಸುವುದಿಲ್ಲ. ಆಟೋ ಹಾರ್ನ್ ಹೊಡೆದಾಗ ನಿಂತಳು. ಹಮಾಲನ ಗಾಡಿಗೆ ದಾರಿ ಬಿಟ್ಟು ನಿಂತಳು. ಒಂದು ಊರುಗೋಲು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿತು, ಅಂಗಡಿಯ ಕಟ್ಟೆ ಹಿಡಿದು ನಿಂತಳು. ಹೊಲಿಗೆಯ ಮಾದರಿಯ ಚೀಲ ಕೊರಳಲ್ಲಿ ಜೋತಾಡುತ್ತಿತ್ತು.

ಅವಳು ಕಾರಿನ ಹತ್ತಿರ ಬಂದಾಗ ಮುಖದ ತುಂಬ ಬೆವರು. ನಾನಿನ್ನೂ ಅಲ್ಲೇ ಕೂತಿದ್ದೆ. ಆದರೂ ಅವಳಿಗೆ ಅನುಮಾನ ಬರಲಿಲ್ಲ. "ಇನ್ನಾ ಬಿಗಿ ಆಗ್ಲಿಲ್ಲೇನ್ರಿ? ನಾ ಹಿಡೀಲೇನು?" ಎಂದು ಬಾಗಿಲಿಗೆ ಕೈ ಹಾಕಿದಳು.

ಅದೇ ಹೊತ್ತಿಗೆ ಹಣಮಂತ ಚೀಲಗಳನ್ನು ಹೊತ್ತು ಹೊರಗೆ ಬಂದ. ಮೆಟ್ಟಿಲ ಮೇಲಿನಿಂದಲೇ ಒದರಿದ, "ಮಾಮಾ, ಭಜಿ ತಿಂದೇನು? ಇನ್ನೂ ಬಂಗಾರದಂಗಡಿ ಅದ. ನೀ ಹಂಗೇ ಕೂತಿರು, ನೀ ಕೂತಿದ್ರ ಗಾಡಿಗೆ ಚಿಂತಿಲ್ಲ!"

ಮೆಹಬೂಬಿಯ ಕೈ ಬಾಗಿಲ ಮೇಲೇ ನಿಂತಿತು. ನನ್ನ ತೊಡೆಯ ಮೇಲಿನ ಎಣ್ಣೆಯ ಕಲೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನೀವು ಇಳ್ಯಾಂಗೇ ಇರ್ಲಿಲ್ಲೇನ್ರಿ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ಬಾಯಿಗೆ ಅಂಜದವರು ಕಮಲಾಪುರದಲ್ಲಿಲ್ಲ. ಅವಳು ಕೇಳಿದ್ದು ಬರೀ ತಿಳಿದುಕೊಳ್ಳಲಿಕ್ಕೆ. ನಾನು ಭಜಿಯ ಪೊಟ್ಟಣವನ್ನು ಸೀಟಿನ ಕೆಳಗೆ ದೂಡಿದೆ. ಅವಳು ಒಳಗೆ ನಡೆದಳು.

"ಹಣಮಂತ, ಗಾಡಿ ತಗಿ," ಎಂದೆ.

"ಹುಚ್ಚ ಹಿಡದದೇನು ಮಾಮಾ? ಅವರಿನ್ನೂ ಒಳಗದಾರ!"

"ತಗೀತೀಯೋ ಇಲ್ಲೋ?"

ಕ್ಯಾಲಿಪರಿನ ಪಟ್ಟಾ ನಿಜವಾಗಿ ಬಿಗಿದು ಇಳಿದೆ. ಹಣಮಂತ ಗೊಣಗುತ್ತ ಕಾರು ಹೊರಗೆ ಒಯ್ದ. ನಾನು ಹಳದಿ ಚೌಕದ ನಡುವೆ, ಆ ಕುರ್ಚಿಯ ಚಿತ್ರದ ಮೇಲೆ, ಊರುಗೋಲು ಊರಿ ನಿಂತೆ. ಕಾರುಗಳು ಹಾರ್ನ್ ಹೊಡೆದವು. ದೌಲಪ್ಪ ತಲೆ ಕೆರೆದುಕೊಂಡ. "ಸಾಹೇಬ್ರ, ಇದು ಗಾಡಿ ನಿಂದ್ರೂ ಜಾಗಾ ಅದ, ಮನಷ್ಯಾರದಲ್ರೀ."

"ಒಬ್ಬಾಕಿ ಬರಾಕಿದ್ದಾಳ," ಎಂದೆ. ಬಂದವಳಿಗೆ ಈ ಜಾಗದಿಂದ ಏನಾಗಬೇಕಿತ್ತೋ ನನಗೂ ತಿಳಿದಿರಲಿಲ್ಲ.

ಅವಳು ಬೇಗನೆ ಹೊರಗೆ ಬಂದಳು. ಚೀಲದ ಬಾಯಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

"ಜಾಗಾ ಖಾಲಿ ಮಾಡಿಸೀನವಾ," ಎಂದೆ. ಅಷ್ಟು ಹೊತ್ತು ಯೋಚಿಸಿ ನನಗೆ ಸಿಕ್ಕ ಮಾತು ಅದು.

"ಈಗ್ಯಾಕ ಬೇಕ್ರಿ? ಇನ್ನೊಬ್ಬಾಕಿ ಕುಂತಾಳ." ನನ್ನ ಕಾಲಿನ ಕಡೆಗೆ ನೋಡಿದಳು. "ಬಿಸಿಲಾಗ ನಿಂದರಬ್ಯಾಡ್ರಿ. ನೋಯ್ತದ. ಹೋಗಿ ಗಾಡ್ಯಾಗ ಕೂಡ್ರಿ."

ಕಿರಾಣಿ ಸಾಲಿನ ಕಡೆಗೆ ಅವಳು ಮತ್ತೆ ನಡೆದಳು. ಈ ಸಲ ಕನ್ನಡಿ ಇರಲಿಲ್ಲ, ನೇರವಾಗಿ ನೋಡಬೇಕಾಯಿತು. ನೋಡಲಾಗಲಿಲ್ಲ.

ಮುಂದಿನ ರವಿವಾರ ಬೂತಿಗೆ ಫೋನು ಬಂತು. ಹಣಮಂತ ಏನೂ ಆಗಿಲ್ಲವೆಂಬಂತೆ, "ಮಾಮಾ, ತಯಾರಾಗಿರು," ಎಂದ.

"ಬರ್ತೀನಿ. ಆದ್ರ ನಾ ಇಳೀತೀನಿ. ಪ್ರತಿ ಅಂಗಡಿಗೂ ಇಳೀತೀನಿ. ನನ್ನ ಕೂಡ ನೀವು ನಡೀಬೇಕು."

ತಂತಿಯ ಆ ಕಡೆ ಇಂದೂಬಾಯಿ ಏನೋ ಪಿಸುಗುಟ್ಟಿದಳು. "ನೋಡೋಣು ಮಾಮಾ," ಎಂದ ಹಣಮಂತ. ಕಾರು ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ.

ಕಾರು ಯಾಕೆ ಬರುವುದಿಲ್ಲವೆಂದು ಬಸ್ ಸ್ಟ್ಯಾಂಡಿನವರು ಕೇಳುತ್ತಾರೆ. ನನ್ನ ಭಾರಕ್ಕೆ ಆ ಕಾಂಪ್ಲೆಕ್ಸಿನ ನೆಲವೇ ಕುಸಿಯಿತು, ಇನ್ನು ಬರಬೇಡಿ ಎಂದು ಕೈಮುಗಿದರು ಎಂದು ಹೇಳುತ್ತೇನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಮಿರ್ಚಿ ಭಜಿ ತಂದು ಮುಂದಿಟ್ಟರೆ ಮಾತ್ರ, ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ.